ಬೆಳಕಿನ ದ್ವೀಪದ ಆಚೆ

2021ರ ಮೇ 16, ಭಾನುವಾರ. ಡೊಂಬಿವಲಿಯ ನಮ್ಮ ಮನೆಯಿಂದ ಉಡುಪಿಯ ಕಡೆಯ ಊರಿಗೆ ಬೆಳಗಿನಿಂದ ಫೋನು ಮಾಡುತ್ತಲೇ ಇದ್ದೆವು. ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಚಿಕ್ಕಮ್ಮನ ದನಿ ಸಿಕ್ಕಿತು. "ನಿನ್ನೆಯಿಂದ ಕರೆಂಟಿಲ್ಲ ಮಗಾ, ತೋಟದಲ್ಲಿ ತಂತಿ ಬಿದ್ದುಂಟು. ಫೋನಿನ ಚಾರ್ಜು ಮುಗೀತಾ ಉಂಟು, ಇಡ್ತೇನೆ" ಎಂದರು. ಮರುದಿನ ಸೋಮವಾರ ಅದೇ ಗಾಳಿ ನಮ್ಮ ಬಾಗಿಲಿಗೆ ಬಂತು. ಕಟ್ಟಡದ ಎದುರಿನ ಗುಲ್‌ಮೊಹರ್ ಮರ ತಂತಿಗಳನ್ನು ಎಳೆದುಕೊಂಡು ಉರುಳಿತು, ಮನೆ ಕತ್ತಲಾಯಿತು. ಆ ಸಂಜೆ ಊರಿನ ಸರದಿ. ಯಾರದೋ ಕಾರಿನಲ್ಲಿ ಚಾರ್ಜು ಮಾಡಿಸಿಕೊಂಡ ಫೋನಿನಿಂದ ಚಿಕ್ಕಮ್ಮ ನಮ್ಮನ್ನು ವಿಚಾರಿಸಿಕೊಂಡರು.

ತೌಕ್ತೆ ಎಂಬ ಆ ಚಂಡಮಾರುತಕ್ಕೆ ಹೆಸರಿಟ್ಟದ್ದು ಮ್ಯಾನ್ಮಾರ್ ದೇಶ. ಅವರ ಭಾಷೆಯಲ್ಲಿ ಅದು ಒಂದು ಬಗೆಯ ಹಲ್ಲಿಯ ಹೆಸರು. ಹಲ್ಲಿ ನುಡಿದರೆ ಶಕುನ ನೋಡುವ ನಮ್ಮ ಹಿರಿಯರಿಗೆ ಈ ಹೆಸರು ಕೇಳಿ ಏನೆನಿಸುತ್ತಿತ್ತೋ. ಕೇರಳದ ಕಡಲಿನಿಂದ ಮೇಲೇರುತ್ತ ಮೇ 15 ಮತ್ತು 16ರಂದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ತೀರವನ್ನು ಬಡಿದು, ಗೋವೆಯನ್ನು ದಾಟಿ, 17ರಂದು ಮುಂಬಯಿ, ಥಾಣೆ, ಪಾಲಘರಗಳ ಪಕ್ಕದಲ್ಲಿ ಹಾದು, ಅದೇ ರಾತ್ರಿ ಸೌರಾಷ್ಟ್ರದ ಊನಾ ಬಳಿ ಅದು ನೆಲಕ್ಕೇರಿತು. ಕರ್ನಾಟಕದ ಆರು ಜಿಲ್ಲೆಗಳಲ್ಲಿ 70ಕ್ಕೂ ಹೆಚ್ಚು ಹಳ್ಳಿಗಳಿಗೆ ಪೆಟ್ಟು ಬಿತ್ತು. ಮುಂಬಯಿಯ ಸಮುದ್ರದಲ್ಲಿ ಪಿ-305 ಎಂಬ ತೇಲುದೋಣಿ ಮುಳುಗಿ ಹತ್ತಾರು ಕಾರ್ಮಿಕರು ಸತ್ತರು.

ಆ ಗಾಳಿ ಹಿಡಿದ ದಾರಿಯನ್ನು ನಕಾಶೆಯಲ್ಲಿ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಅದು ನಮ್ಮ ಅಜ್ಜಂದಿರ ದಾರಿ. ಹೆದ್ದಾರಿಯೂ ಕೊಂಕಣ ರೈಲೂ ಇಲ್ಲದ ಕಾಲದಲ್ಲಿ ತುಳುನಾಡಿನ ಹುಡುಗರು ಉಗಿಹಡಗು ಹತ್ತಿ ಇದೇ ತೀರವನ್ನು ಅನುಸರಿಸಿ ಮುಂಬಯಿಗೆ ಬಂದರು. ಹೋಟೆಲುಗಳಲ್ಲಿ ದುಡಿದರು, ರಾತ್ರಿಶಾಲೆಗಳಲ್ಲಿ ಓದಿದರು, ಮುಂದೆ ಅವರ ಮಕ್ಕಳು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಮನೆ ಮಾಡಿದರು. ಮಳೆಗಾಲದಲ್ಲಿ ಆ ಹಡಗುಗಳು ಓಡುತ್ತಿರಲಿಲ್ಲ. ಗಾಳಿಯ ಕಾಲದಲ್ಲಿ ಕಡಲಿಗಿಳಿಯಬಾರದೆಂಬ ತಿಳಿವಳಿಕೆ ಈ ತೀರಕ್ಕೆ ಬಲು ಹಳೆಯದು.

ಆ ತಿಳಿವಳಿಕೆಗೆ ಎಷ್ಟು ಜೀವದ ಬೆಲೆ ತೆತ್ತಿದ್ದೇವೆಂಬುದಕ್ಕೆ ಪಶ್ಚಿಮ ತೀರದ ಒಂದು ಕತೆ ಸಾಕು. 1888ರ ನವೆಂಬರ್ 8ರಂದು ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ವೈತರಣಾ ಎಂಬ ಉಗಿಹಡಗು ಸೌರಾಷ್ಟ್ರದ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿ, ನೂರಾರು ಪ್ರಯಾಣಿಕರೊಡನೆ ಕಣ್ಮರೆಯಾಯಿತು. ಕಾಗದಪತ್ರಗಳಲ್ಲಿ ಅದರ ಹೆಸರು ವೈತರಣಾ. ಆದರೆ ಜನರ ಬಾಯಲ್ಲಿ ಅದು 'ವೀಜಳಿ', ಅಂದರೆ ವಿದ್ಯುತ್ತು. ಹಡಗಿನಲ್ಲಿ ವಿದ್ಯುದ್ದೀಪಗಳು ಉರಿಯುತ್ತಿದ್ದವು. ಹಳ್ಳಿಗಳಲ್ಲಿ ಯಾರೂ ಕಾಣದ ಆ ಬೆಳಕಿನಿಂದಲೇ ಅದಕ್ಕೆ ಆ ಹೆಸರು ಬಂತು. ವಿದ್ಯುತ್ತು ನೆಲದ ಊರುಗಳಿಗೆ ಬರುವ ಮೊದಲೇ, ಬಿರುಗಾಳಿಯಲ್ಲಿ ಆರಿಹೋಗುವ ಬೆಳಕೆಂದು ಈ ತೀರದ ಜನಪದದಲ್ಲಿ ದಾಖಲಾಗಿತ್ತು.

ಗಾಳಿಯೂ ಕರೆಂಟೂ ಕೂಡುವ ಈ ಕತೆಯನ್ನು ನಮ್ಮ ಸೀಮೆಯ ಮಟ್ಟಿಗೆ ಹೇಳುವುದು ಈ ಬರಹದ ಉದ್ದೇಶ. ಅದರ ಕೊನೆಯಲ್ಲಿ ಒಂದು ವ್ಯಾವಹಾರಿಕ ಮಾತೂ ಇದೆ. ಚಿಕ್ಕಮ್ಮ ಅಂದು ಹೇಳಿದ 'ತೋಟದಲ್ಲಿ ಬಿದ್ದ ತಂತಿ'ಯ ಮಾತು ಅದು.

ಮಳೆಯಿಂದ ಹುಟ್ಟಿದ ಬೆಳಕು

ಕನ್ನಡಿಗರಿಗೆ ವಿದ್ಯುತ್ತಿನ ಚರಿತ್ರೆ ಎಂದರೆ ಶಿವನಸಮುದ್ರ. 1902ರ ಜೂನ್ 30ರಂದು ಕಾವೇರಿಯ ಆ ಜಲಪಾತದಿಂದ ಹೊರಟ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು ಮೂರು ವರ್ಷಗಳ ನಂತರ, 1905ರಲ್ಲಿ. ಮೊದಲು ಗಣಿ, ಆಮೇಲೆ ನಗರ. ತಂತಿ ಹಾದುಹೋದ ದಾರಿಯ ಹಳ್ಳಿಗಳ ಸರದಿ ಬಂದದ್ದು ಎಷ್ಟೋ ದಶಕಗಳ ನಂತರ.

ಸಹ್ಯಾದ್ರಿಯ ಈ ಬದಿಯಲ್ಲೂ ಕ್ರಮ ಬೇರೆಯಾಗಲಿಲ್ಲ. ಘಟ್ಟದ ನೆತ್ತಿಯಲ್ಲಿ, ಲೋಣಾವಳಾದ ಸುತ್ತ, ಮಳೆಗಾಲದ ನೀರನ್ನು ಕೆರೆಗಳಲ್ಲಿ ತಡೆದು ಕೊಂಕಣದ ಕಡೆಗೆ ಕೆಡವಿದರೆ ಬತ್ತಿಗಿರಣಿಗಳಿಗೆ ಬೇಕಾದ ಶಕ್ತಿ ಸಿಗುತ್ತದೆಂಬುದು ಜಮ್ಷೇಟ್‌ಜಿ ಟಾಟಾ ಅವರ ಕನಸು. ಅವರು 1904ರಲ್ಲಿ ತೀರಿಕೊಂಡರು. ಘಟ್ಟದ ಬುಡದ ಖೋಪೋಲಿಯ ವಿದ್ಯುದಾಗಾರ 1915ರಲ್ಲಿ ಆರಂಭವಾಯಿತು. 1922ರಲ್ಲಿ ಕರ್ಜತ್ ಬಳಿಯ ಭಿವಪುರಿ, 1927ರಲ್ಲಿ ಭಿರಾ ಅದನ್ನು ಹಿಂಬಾಲಿಸಿದವು. ಮುಂಬಯಿಯ ಗಿರಣಿಗಳ ಹೊಗೆಕೊಳವೆಗಳಲ್ಲಿ ಹಲವು ತಣ್ಣಗಾದವು, ಮಗ್ಗಗಳು ಕರೆಂಟಿನಿಂದ ತಿರುಗತೊಡಗಿದವು.

ಭಿರಾ ವಿದ್ಯುದಾಗಾರಕ್ಕೆ ನೀರು ಒದಗಿಸಲು ಪುಣೆಯ ಪಶ್ಚಿಮಕ್ಕೆ, ಮುಳಶಿಯಲ್ಲಿ ಅಣೆಕಟ್ಟು ಎದ್ದಿತು. ಮುಳುಗಡೆಯಾಗುವ ಹಳ್ಳಿಗಳ ಮಾವಳಿ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟ್ ಅದರ ಮುಂದಾಳಾದರು, ಅಲ್ಲಿಂದಲೇ ಅವರು 'ಸೇನಾಪತಿ ಬಾಪಟ್' ಆದರು. ಅಣೆಕಟ್ಟಿನ ವಿರುದ್ಧ ರೈತರು ನಡೆಸಿದ ಜಗತ್ತಿನ ಮೊದಮೊದಲ ಹೋರಾಟಗಳಲ್ಲಿ ಅದೂ ಒಂದು. ಹೋರಾಟ ಸೋತಿತು, ಗದ್ದೆಗಳು ಮುಳುಗಿದವು. ಶರಾವತಿಯ ಮುಳುಗಡೆಯ ನೋವನ್ನು ಬಲ್ಲ ಮಲೆನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡೊಂಬಿವಲಿ-ಕಲ್ಯಾಣದವರಿಗೆ ಈ ಚರಿತ್ರೆಯ ಇನ್ನೊಂದು ತುಣುಕು ಮನೆಯ ಹಿತ್ತಲಲ್ಲೇ ಇದೆ. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಬೋರಿಬಂದರಿನ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿತು. ಕಲ್ಯಾಣದಾಚೆ ಘಟ್ಟ ಹತ್ತುವ ಗಾಡಿಗಳಿಗೂ ವಿದ್ಯುತ್ತು ಬೇಕಾದಾಗ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಠಾಕುರ್ಲಿಯಲ್ಲಿ ಸ್ವಂತ ಕಲ್ಲಿದ್ದಲ ಕೇಂದ್ರವನ್ನೇ ಕಟ್ಟಿಕೊಂಡಿತು. ಅದು 1929ರಲ್ಲಿ ಆರಂಭವಾದ ಚೋಳಾ ಪವರ್‌ಹೌಸ್. ಸುಮಾರು ಆರು ದಶಕ ದುಡಿದು 1980ರ ದಶಕದ ಕೊನೆಗೆ ಅದು ನಿಂತಿತು. ಲೋಕಲ್ ಗಾಡಿ ಠಾಕುರ್ಲಿಯನ್ನು ದಾಟುವಾಗ ಹಳಬರು ಈಗಲೂ ಆ ದಿಕ್ಕಿಗೆ ಕೈ ತೋರಿಸುತ್ತಾರೆ. ಅಲ್ಲಿ ಹುಟ್ಟಿದ ಶಕ್ತಿ ಗಾಡಿಗಳನ್ನು ಪುಣೆಯವರೆಗೆ ಎಳೆಯಿತು.

ಹೀಗೆ ಘಟ್ಟದ ಮಳೆ ಮತ್ತು ಭೂಮಿ ಮುಂಬಯಿಗೆ ಬೆಳಕಾದವು. ಇಂದಿಗೂ ಮುಂಬಯಿಯ ನಲ್ಲಿಗಳಲ್ಲಿ ಬರುವ ನೀರಿನ ದೊಡ್ಡ ಪಾಲು ಶಹಾಪುರ ತಾಲ್ಲೂಕಿನ ತಾನ್ಸಾ, ಭಾತ್ಸಾ ಜಲಾಶಯಗಳ ಕಡೆಯದು. ನೀರೂ ಬೆಳಕೂ ಹೊರಡುವ ದಿಕ್ಕು ಒಂದೇ. ಹಳ್ಳಿಗೆ ಅವು ತಿರುಗಿ ಬರುವ ದಾರಿ ಮಾತ್ರ ಬಹಳ ಉದ್ದ.

ದ್ವೀಪವೆಂಬ ಏರ್ಪಾಡು

1960ರಲ್ಲಿ ಮಹಾರಾಷ್ಟ್ರ ರಾಜ್ಯ ಹುಟ್ಟಿದಾಗ ರಾಜ್ಯದ ವಿದ್ಯುತ್ ಮಂಡಳಿಯೂ ಹುಟ್ಟಿತು. 1969ರಲ್ಲಿ ದೇಶಮಟ್ಟದಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾಯಿತು. ಕರ್ನಾಟಕದ ಗುಡಿಸಲುಗಳಿಗೆ 'ಭಾಗ್ಯಜ್ಯೋತಿ'ಯ ಒಂದು ಬಲ್ಬು ಬಂದಂತೆ, ಮುರಬಾಡ್-ಶಹಾಪುರಗಳ ವಾಡಿಗಳಿಗೂ ಕಂಬಗಳು ಒಂದೊಂದಾಗಿ ನಡೆದು ಬಂದವು. ನಮ್ಮ ಬಯಲುಸೀಮೆಯಲ್ಲಿ 'ಟಿ.ಸಿ.' ಎನ್ನುವ ಟ್ರಾನ್ಸ್‌ಫಾರ್ಮರಿಗೆ ಇಲ್ಲಿನ ಹಳ್ಳಿಗರು 'ಡಿ.ಪಿ.' ಎನ್ನುತ್ತಾರೆ. ಹೆಸರು ಬೇರೆ, ಪಾಡು ಒಂದೇ. ಅದು ಸುಟ್ಟರೆ ಊರಿನ ಪಂಪು, ಗಿರಣಿ, ದೀಪ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ.

ಇದೇ ಕಾಲದಲ್ಲಿ ಮುಂಬಯಿ ತನಗಾಗಿ ಒಂದು ಜಾಣ ಏರ್ಪಾಡು ಮಾಡಿಕೊಂಡಿತು. ತಜ್ಞರು ಅದನ್ನು 'ಐಲ್ಯಾಂಡಿಂಗ್' ಎನ್ನುತ್ತಾರೆ; ನಾವು ದ್ವೀಪೀಕರಣ ಎನ್ನಬಹುದು. ರಾಜ್ಯದ ಜಾಲದಲ್ಲಿ ದೊಡ್ಡ ದೋಷ ತಲೆದೋರಿದರೆ ನಗರದ ವ್ಯವಸ್ಥೆ ಕ್ಷಣಮಾತ್ರದಲ್ಲಿ ಹೊರಗಿನ ತಂತಿಗಳಿಂದ ಕಳಚಿಕೊಂಡು, ಟ್ರಾಂಬೆಯ ಕೇಂದ್ರ ಮತ್ತು ಘಟ್ಟದ ಜಲವಿದ್ಯುತ್ತಿನ ಬಲದ ಮೇಲೆ ತಾನೊಂದೇ ಉರಿಯುತ್ತಿರುತ್ತದೆ. 1980ರ ದಶಕದಿಂದ ಮುಂಬಯಿಗೆ 'ಕತ್ತಲಾಗದ ನಗರ'ವೆಂಬ ಹೆಸರು ಬಂದದ್ದು ಈ ಏರ್ಪಾಡಿನಿಂದ. ಆಸ್ಪತ್ರೆ, ರೈಲು, ಬಂದರುಗಳಿರುವ ಮಹಾನಗರಕ್ಕೆ ಅದು ಬೇಕೇ ಬೇಕು. ಅದರಲ್ಲಿ ತಪ್ಪು ಹುಡುಕುವುದು ಸಲ್ಲದು. ಆದರೆ ದ್ವೀಪಕ್ಕೆ ಒಂದು ದಡ ಇರುತ್ತದೆ. ಆ ದಡ ಮುಲುಂಡಿನ ಆಸುಪಾಸಿನಲ್ಲೇ ಮುಗಿಯುತ್ತದೆ. ನಾವು, ಅಂದರೆ ಥಾಣೆ, ಡೊಂಬಿವಲಿ, ಕಲ್ಯಾಣದವರು, ದಡದ ಆಚೆಯವರು.

2005ರ ಆಸುಪಾಸಿನ ವರ್ಷಗಳಲ್ಲಿ ಇಲ್ಲಿದ್ದವರಿಗೆ 'ಭಾರನಿಯಮನ' ಎಂಬ ಮರಾಠಿ ಪದ ಮರೆಯುವಂಥದಲ್ಲ. ನಮ್ಮಲ್ಲಿ ಲೋಡ್‌ಶೆಡ್ಡಿಂಗ್ ಎನ್ನುವುದೇ ಅದು. ಗಂಟೆಗಟ್ಟಲೆ ಕರೆಂಟಿಲ್ಲದ ಸಂಜೆ ಡೊಂಬಿವಲಿಯ ಮಾಳಿಗೆಯಲ್ಲಿ ನಿಂತರೆ ಮುಂಬಯಿಯ ದಿಕ್ಕಿನ ಆಕಾಶ ಮಾತ್ರ ಕೆಂಪಗೆ ಬೆಳಗುತ್ತಿತ್ತು. ನಮ್ಮ ಬೆನ್ನ ಹಿಂದೆ, ಮಲಂಗಗಡದ ಬುಡದ ಹಳ್ಳಿಗಳಲ್ಲಿ, ಕತ್ತಲು ಇನ್ನೂ ದೀರ್ಘ. ದಡದಾಚೆಯೂ ಒಂದು ಮೇಲು-ಕೀಳು ಇತ್ತು. ಪಟ್ಟಣಕ್ಕೆ ಕೆಲವು ಗಂಟೆ, ಹಳ್ಳಿಗೆ ಅರ್ಧ ದಿನ.

ದ್ವೀಪವೂ ಅಭೇದ್ಯವಲ್ಲವೆಂದು ತಿಳಿದದ್ದು 2020ರ ಅಕ್ಟೋಬರ್ 12ರಂದು. ಕಳವಾ ಮತ್ತು ಪಡಘಾ ನಡುವಿನ ಭಾರೀ ತಂತಿಗಳಲ್ಲಿ ತೊಂದರೆಯಾಗಿ, ಆ ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಥಾಣೆ, ನವಿಮುಂಬಯಿಗಳು ಒಟ್ಟಿಗೆ ಸ್ತಬ್ಧವಾದವು. ಲೋಕಲ್ ಗಾಡಿಗಳು ನಿಂತಲ್ಲೇ ನಿಂತವು. ಗಾಳಿಯಿಲ್ಲದ, ಮಳೆಯಿಲ್ಲದ ದಿನ ಅದು. ಇಡೀ ದೇಶ ಅದನ್ನು ಸುದ್ದಿ ಮಾಡಿತು. ಅದೇ ವರ್ಷದ ಜೂನಿನಲ್ಲಿ ರಾಯಗಡದ ಹಳ್ಳಿಗಳು ವಾರಗಟ್ಟಲೆ ಕತ್ತಲಲ್ಲಿದ್ದುದು ಅಷ್ಟು ದೊಡ್ಡ ಸುದ್ದಿಯಾಗಿರಲಿಲ್ಲ. ಆ ಕತೆಗೆ ಹೋಗುವ ಮುನ್ನ ಒಂದು ಜುಲೈ ತಿಂಗಳನ್ನು ನೆನೆಯಬೇಕು.

ನೀರು ಬಂದ ಮಂಗಳವಾರ

2005ರ ಜೂನ್ 6ರಂದು ರಾಜ್ಯ ವಿದ್ಯುತ್ ಮಂಡಳಿ ಒಡೆದು ಹಲವು ಕಂಪನಿಗಳಾಯಿತು. ಮನೆಮನೆಗೆ ಕರೆಂಟು ಹಂಚುವ ಹೊಣೆ 'ಮಹಾವಿತರಣ'ದ ಪಾಲಿಗೆ ಬಂತು. ಸರಿಯಾಗಿ ಐವತ್ತು ದಿನ ಕಳೆದು, ಜುಲೈ 26ರ ಮಂಗಳವಾರ, ಆ ಮಳೆ ಸುರಿಯಿತು. ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿ.ಮೀ. ಅದೇ ದಿನ ಕುಲಾಬಾದಲ್ಲಿ ನೂರು ಮಿ.ಮೀ. ಕೂಡ ಬೀಳಲಿಲ್ಲ. ಉಲ್ಹಾಸ ನದಿ ಉಕ್ಕಿ ಬದಲಾಪುರ, ಕಲ್ಯಾಣದ ತಗ್ಗುಗಳನ್ನು ನುಂಗಿತು. ರಾಯಗಡದ ಮಹಾಡ್ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು ಹಳ್ಳಿಗಳ ಮೇಲೆ ಬಿದ್ದವು. ರಾಜ್ಯದಲ್ಲಿ ಸತ್ತವರ ಸಂಖ್ಯೆ ಸಾವಿರ ದಾಟಿತು.

ಆ ರಾತ್ರಿ ನೀರು ನಿಂತ ಅನೇಕ ಕಡೆ ಕರೆಂಟನ್ನು ಬೇಕೆಂದೇ ತೆಗೆದಿದ್ದರು. ದಿನಗಟ್ಟಲೆ ಅದು ಬಾರದಿದ್ದಾಗ ಜನ ಸಿಟ್ಟಾದರು, ಬೀದಿಗಿಳಿದರು. ಆ ಸಿಟ್ಟಿಗೆ ಕಾರಣವಿತ್ತು. ಕುಡಿಯುವ ನೀರಿನ ಪಂಪು ನಿಂತಿತ್ತು, ಮನೆಯಲ್ಲಿ ಕೆಸರು, ಫೋನು ಮೂಕ. ಆದರೂ ಇಂದು ದೂರದಿಂದ ನೋಡುವಾಗ ಒಂದು ಮಾತು ಒಪ್ಪಿಕೊಳ್ಳಬೇಕು: ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದ ಲಕ್ಷಾಂತರ ಮಂದಿಯಲ್ಲಿ ಎಷ್ಟೋ ಜನರನ್ನು ಉಳಿಸಿದ್ದು ಆ ಕತ್ತಲೆ. ನೆಲಮಹಡಿಯ ಮೀಟರಿನ ಪೆಟ್ಟಿಗೆಗಳು, ಬೀದಿಬದಿಯ ಫೀಡರ್ ಪೆಟ್ಟಿಗೆಗಳು ಮುಳುಗಿರುವಾಗ ಅವುಗಳಲ್ಲಿ ಕರೆಂಟು ಹರಿಯುತ್ತಿದ್ದರೆ ಬೀದಿಯ ನೀರೇ ಕೊಲ್ಲುತ್ತಿತ್ತು. ನಾವು ಶಾಪ ಹಾಕಿದ ಕತ್ತಲೆ ನಮ್ಮ ಕಾವಲಿಗೆ ನಿಂತಿತ್ತು.

ಹದಿನಾಲ್ಕು ವರ್ಷಗಳ ನಂತರ, 2019ರ ಜುಲೈ 27ರಂದು, ಉಲ್ಹಾಸ ಮತ್ತೆ ಉಕ್ಕಿತು. ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿಗಳ ನಡುವೆ ನೀರಿನಲ್ಲಿ ಸಿಕ್ಕಿಬಿತ್ತು. ನಿಪ್ಪಾಣಿ, ಚಿಕ್ಕೋಡಿಯ ಕಡೆ ಹೋಗುವ ನಮ್ಮವರಿಗೂ ಅದು ಪರಿಚಿತ ಗಾಡಿ. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ವಿಪತ್ತು ಪಡೆ ಮತ್ತು ನೌಕಾಪಡೆ ದೋಣಿಗಳಲ್ಲಿ ದಡಕ್ಕೆ ತಂದವು. ಸುತ್ತಲಿನ ಹಳ್ಳಿಯವರು ಜೊತೆಗೂಡಿದರು. ಗಾಡಿಯಿಂದ ಇಳಿಯಬೇಡಿ ಎಂದು ರೈಲ್ವೆ ಮತ್ತೆ ಮತ್ತೆ ಎಚ್ಚರಿಸಿತ್ತು. ಎಲ್ಲರೂ ಬದುಕಿ ಬಂದರು. ಕಾಯುವುದೂ ಒಂದು ರಕ್ಷಣೆಯೆಂಬುದಕ್ಕೆ ಅದು ಸಾಕ್ಷಿ.

ನಿಸರ್ಗ ಬಿದ್ದ ಊರುಗಳು

ಮುಂಬಯಿಯ ಕಡೆಗೆ ಚಂಡಮಾರುತ ಬರುವುದಿಲ್ಲವೆಂಬುದು ಬಹುಕಾಲ ಜನರಲ್ಲಿದ್ದ ನಂಬಿಕೆ. 1882ರ ಜೂನಿನಲ್ಲಿ ಇಲ್ಲಿ ಚಂಡಮಾರುತಕ್ಕೆ ಲಕ್ಷ ಜನ ಸತ್ತರೆಂಬ ಕತೆಯೊಂದು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದಿದೆ; ಅಮಿತಾವ್ ಘೋಷ್ ಅವರಂಥವರು ಹುಡುಕಿದಾಗ ಆ ಕಾಲದ ದಾಖಲೆಗಳಲ್ಲಿ ಅದರ ಸುಳಿವೇ ಸಿಗಲಿಲ್ಲ. ಆಗದ ಗಾಳಿಯನ್ನು ನೆನಪಿಟ್ಟುಕೊಂಡ ನಾವು 1854ರ ನವೆಂಬರಿನ, 1948ರ ನವೆಂಬರಿನ ನಿಜವಾದ ಗಾಳಿಗಳನ್ನು ಮರೆತಿದ್ದೆವು. 2009ರ ನವೆಂಬರಿನ ಫ್ಯಾನ್ ಕೂಡ ಮೀನುಗಾರರ ಕೇರಿಗಳ ಆಚೆ ಯಾರ ನೆನಪಿನಲ್ಲೂ ಉಳಿಯಲಿಲ್ಲ.

2020ರ ಜೂನ್ 3, ಬುಧವಾರ ಮಧ್ಯಾಹ್ನ. ನಿಸರ್ಗ ಚಂಡಮಾರುತ ಗಂಟೆಗೆ 110ರಿಂದ 120 ಕಿ.ಮೀ. ವೇಗದಲ್ಲಿ ಅಲಿಬಾಗಿನ ದಕ್ಷಿಣಕ್ಕೆ, ರಾಯಗಡದ ದಿವೇಆಗರದ ಸಮೀಪ ನೆಲಕ್ಕೇರಿತು. 1891ರ ನಂತರ ಜೂನ್ ತಿಂಗಳಿನಲ್ಲಿ ಮಹಾರಾಷ್ಟ್ರದ ತೀರವನ್ನು ಬಡಿದ ಮೊದಲ ಚಂಡಮಾರುತ ಅದೆಂದು ವರದಿಯಾಯಿತು. ನವಿಮುಂಬಯಿ, ಥಾಣೆಗಳಲ್ಲಿ ಮರಗಳು ಬಿದ್ದವು, ಕರೆಂಟು ಹೋಯಿತು, ಬಂತು. ಮುಂಬಯಿ 'ಬದುಕಿದೆವು' ಎಂದು ನಿಟ್ಟುಸಿರುಬಿಟ್ಟಿತು.

ಶ್ರೀವರ್ಧನ, ಮ್ಹಸಳಾ, ಮುರುಡ, ದಾಪೋಲಿಗಳ ಕತೆ ಬೇರೆ. ಅಲ್ಲಿನದು ನಮ್ಮ ಕರಾವಳಿಯಂಥದೇ ಲೋಕ: ತೆಂಗು, ಅಡಿಕೆ, ಮಾವು, ಹೆಂಚಿನ ಮನೆ, ಕೆಂಪು ಕಲ್ಲಿನ ಪಾಗಾರ. ಶ್ರೀವರ್ಧನದ ಅಡಿಕೆಗೆ ಆ ಸೀಮೆಯಲ್ಲೆಲ್ಲ ಹೆಸರು. ಫಲ ಕೊಡಲು ವರ್ಷಗಟ್ಟಲೆ ಕಾಯಿಸುವ ಮರಗಳು ಕೆಲವೇ ಗಂಟೆಗಳಲ್ಲಿ ನೆಲಕಚ್ಚಿದವು. ಆ ಮರಗಳ ಕೆಳಗೆ ಕಂಬಗಳೂ ತಂತಿಗಳೂ ಇದ್ದವು. ಅಲಿಬಾಗ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉರುಳಿದ ವಿದ್ಯುತ್ ಕಂಬ ಒಬ್ಬರ ಜೀವ ತೆಗೆಯಿತು. ಲಾಕ್‌ಡೌನಿನ ಕಾಲ, ಕೂಲಿಯಾಳುಗಳು ತಮ್ಮೂರುಗಳಿಗೆ ಹೋಗಿಬಿಟ್ಟಿದ್ದರು, ರಸ್ತೆಗಳ ಮೇಲೆ ಮರ, ಅದರ ಮೇಲೆ ಮುಂಗಾರು. ಹೊಸ ಕಂಬ ಹೊತ್ತು ಗುಡ್ಡ ಹತ್ತಿ ನೆಡಬೇಕಾದ ಕಡೆ ಬೆಳಕು ಮರಳಲು ವಾರಗಳೇ ಹಿಡಿದವು. ಮೊಬೈಲಿನ ಗೋಪುರಗಳು ಡೀಸೆಲ್ ಮುಗಿದು ಮೌನವಾದವು. ಮುಂಬಯಿಯಲ್ಲಿ ದುಡಿಯುವ ಮಕ್ಕಳಿಗೆ ಊರಿನ ತಾಯಿತಂದೆಯ ಸುದ್ದಿ ತಿಳಿಯದ ಆ ದಿನಗಳ ಕಳವಳ ಎಂಥದೆಂದು ಮರುವರ್ಷ, ತೌಕ್ತೆಯ ಭಾನುವಾರ, ನಮಗೂ ಗೊತ್ತಾಯಿತು.

ತಂತಿಯ ಜಾಲದ ರಚನೆಯೇ ಈ ವಿಳಂಬಕ್ಕೆ ಕಾರಣ. ಗಾಳಿ ನಿಂತ ಮೇಲೆ ದುರಸ್ತಿ ಬುಡದಿಂದ ಆರಂಭವಾಗುತ್ತದೆ: ಮೊದಲು ಭಾರೀ ಮಾರ್ಗಗಳು, ಉಪಕೇಂದ್ರಗಳು, ಆಮೇಲೆ ಆಸ್ಪತ್ರೆ, ನೀರು ಸರಬರಾಜು, ಆಮೇಲೆ 11,000 ವೋಲ್ಟಿನ ಫೀಡರುಗಳು, ಕೊನೆಗೆ ಊರಿನ ಟ್ರಾನ್ಸ್‌ಫಾರ್ಮರು, ಅಲ್ಲಿಂದ ಮನೆ. ಒಂದು ಫೀಡರು ಸರಿಯಾದರೆ ಪಟ್ಟಣದಲ್ಲಿ ಸಾವಿರಾರು ಮನೆ ಬೆಳಗುತ್ತವೆ. ಗುಡ್ಡದ ವಾಡಿಗೆ ಹತ್ತು ಕಂಬ ನೆಟ್ಟರೆ ಇಪ್ಪತ್ತು ಮನೆ. ಲೆಕ್ಕ ಕೆಟ್ಟದ್ದಲ್ಲ, ಆದರೆ ಆ ಲೆಕ್ಕದಲ್ಲಿ ಸಾಲಿನ ಕೊನೆಯಲ್ಲಿ ನಿಲ್ಲುವವರು ಪ್ರತಿಸಲವೂ ಅವರೇ. ಕೊನೆಯಲ್ಲಿರುವವರು ಹೆಚ್ಚು ದಿನ ಕತ್ತಲಲ್ಲಿರುತ್ತಾರೆ ಎಂಬಷ್ಟಕ್ಕೇ ಇದು ನಿಲ್ಲುವುದಿಲ್ಲ. ಅವರು ಬಿದ್ದ ತಂತಿಗಳ ನಡುವೆಯೂ ಹೆಚ್ಚು ದಿನ ಓಡಾಡಬೇಕಾಗುತ್ತದೆ.

ಬಿದ್ದ ತಂತಿಯ ಸುತ್ತ

ಚಿಕ್ಕಮ್ಮ ಹೇಳಿದ ತೋಟದ ತಂತಿಯ ವಿಷಯವನ್ನು ನಾವಂದು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ. "ಕರೆಂಟು ಯಾವಾಗ ಬರುತ್ತದಂತೆ?" ಎಂದಷ್ಟೇ ವಿಚಾರಿಸಿದೆವು. ನಾಲ್ಕನೆಯ ದಿನ ಕರೆಂಟು ಬಂತು. ಅದು ಬಂದ ಗಳಿಗೆಯಲ್ಲಿ ನೆರೆಮನೆಯವರ ಹಾಲು ಕೊಡುವ ಹಸು ಆ ತಂತಿಯಿಂದ ಕೆಲವು ಮಾರು ದೂರದಲ್ಲಿ ಮೇಯುತ್ತಿದ್ದದ್ದು, ಅಲ್ಲೇ ಕುಸಿದುಬಿತ್ತು. ತಂತಿಯನ್ನು ಅದು ಮುಟ್ಟಿರಲಿಲ್ಲ. ಹಗ್ಗ ಹಿಡಿದು ಅದನ್ನು ಕರೆತರಲು ಹೊರಟಿದ್ದ ಹುಡುಗ ಚಪ್ಪಲಿ ಹುಡುಕುತ್ತ ಅಂಗಳದಲ್ಲಿ ತಡಮಾಡಿದ್ದ. ಅವನು ಉಳಿದದ್ದು ಹಾಗೆ.

ಮುಟ್ಟದೆಯೇ ಸಾವು ಹೇಗೆ ಬಂತು? ಇದನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ಕೆರೆಗೆ ಕಲ್ಲೆಸೆದರೆ ಅಲೆ ಬಿದ್ದಲ್ಲಿ ಎತ್ತರ, ದೂರ ಹೋದಂತೆ ತಗ್ಗು. ಜೀವಂತ ತಂತಿ ಒದ್ದೆ ನೆಲಕ್ಕೆ ಬಿದ್ದಾಗ ವಿದ್ಯುತ್ತಿನ ಒತ್ತಡವೂ ಹಾಗೆಯೇ ಸುತ್ತ ಹರಡುತ್ತದೆ: ತಂತಿಯ ಬಳಿ ಹೆಚ್ಚು, ದೂರಕ್ಕೆ ಕಡಿಮೆ. ಅಲ್ಲಿ ನಿಂತವರ ಒಂದು ಪಾದ ಹೆಚ್ಚು ಒತ್ತಡದ ಜಾಗದಲ್ಲಿ, ಇನ್ನೊಂದು ಕಡಿಮೆ ಒತ್ತಡದ ಜಾಗದಲ್ಲಿ ಇದ್ದರೆ ಕರೆಂಟು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಹೆಜ್ಜೆ ಅಗಲವಾದಷ್ಟೂ ಪೆಟ್ಟು ಜೋರು. ದನದ ಮುಂಗಾಲಿಗೂ ಹಿಂಗಾಲಿಗೂ ಇರುವ ಅಂತರ ಮನುಷ್ಯನ ಹೆಜ್ಜೆಗಿಂತ ದೊಡ್ಡದು, ಮೇಲಾಗಿ ಕರೆಂಟು ಹಾಯುವ ದಾರಿಯಲ್ಲೇ ಅದರ ಎದೆ. ಮಳೆಗಾಲದಲ್ಲಿ ದನಗಳು ಮೊದಲು ಸಾಯುವುದು ಇದರಿಂದ. ಕಂಬಕ್ಕೋ ಕಂಬದ ಆಧಾರತಂತಿಗೋ ಎಮ್ಮೆ ಕಟ್ಟಬಾರದೆಂಬ ಮಾತಿನ ಹಿಂದಿರುವುದೂ ಇದೇ.

ಆದ್ದರಿಂದ ಬಿದ್ದ ತಂತಿಯಿಂದ ಕನಿಷ್ಠ ಹತ್ತು ಮೀಟರು ದೂರವಿರಬೇಕು. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ಓಡಬಾರದು. ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಉಜ್ಜುತ್ತ ಹಿಂದೆ ಸರಿಯಬೇಕು. ಒಣ ಕೋಲು, ರಬ್ಬರು ಚಪ್ಪಲಿಗಳ ಧೈರ್ಯ 11,000 ವೋಲ್ಟಿನ ಮುಂದೆ ನಡೆಯದು. ಬಿದ್ದವರನ್ನು ಎಳೆಯಲು ಓಡಿದವರೂ ಪಕ್ಕದಲ್ಲೇ ಬಿದ್ದ ಸುದ್ದಿಗಳನ್ನು ಪ್ರತಿ ಮಳೆಗಾಲ ಓದುತ್ತೇವೆ. ಮೊದಲು ಲೈನು ತೆಗೆಸಬೇಕು, ಆಮೇಲೆ ಕೈಹಾಕಬೇಕು. ದೇಶದಲ್ಲೆಲ್ಲ ವಿದ್ಯುತ್ ದೂರಿಗೆ 1912 ಎಂಬ ಸಂಖ್ಯೆಯಿದೆ. ಅದಕ್ಕಿಂತ ಊರಿನ ಲೈನ್‌ಮನ್ನಿನ ಸಂಖ್ಯೆ ಗೋಡೆಯ ಮೇಲೆ ಬರೆದಿಟ್ಟಿರುವುದು ಒಳ್ಳೆಯದು.

ಊರಲ್ಲಿ ದೀಪವಿಲ್ಲದಿದ್ದರೆ ತಂತಿಯಲ್ಲೂ ಜೀವವಿಲ್ಲ ಎಂದು ತಿಳಿಯುವುದು ಎಲ್ಲಕ್ಕಿಂತ ದೊಡ್ಡ ಮೋಸ. ತುಂಡಾದ ತಂತಿ ಒಣ ಎಲೆ, ಕಲ್ಲುನೆಲದ ಮೇಲೆ ಬಿದ್ದರೆ ಉಪಕೇಂದ್ರದ ರಕ್ಷಣಾ ಯಂತ್ರಕ್ಕೆ ದೋಷ ತಿಳಿಯದೆ ಅದು ಜೀವಂತವಾಗಿಯೇ ಬಿದ್ದಿರಬಹುದು. ಸತ್ತ ತಂತಿಗೂ, ಫೀಡರನ್ನು ಪರೀಕ್ಷಿಸಲು ಮತ್ತೆ ಚಾಲೂ ಮಾಡಿದಾಗ, ಕ್ಷಣದಲ್ಲಿ ಜೀವ ಬರುತ್ತದೆ. ಮೂರನೆಯದು ನಾವೇ ತಂದುಕೊಂಡದ್ದು. ಸರಿಯಾದ ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಜನರೇಟರನ್ನು ಮನೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಆ 230 ವೋಲ್ಟು ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಏರಿ, 11,000 ವೋಲ್ಟಾಗಿ ಕಂಬದ ಮೇಲಿರುವವನನ್ನು ತಲುಪುತ್ತದೆ. ಮಳೆಯಲ್ಲಿ ನಮ್ಮ ಬೆಳಕಿಗಾಗಿ ಕಂಬ ಹತ್ತಿದವನು ನಮ್ಮ ಮನೆಯ ಕರೆಂಟಿನಿಂದಲೇ ಸಾಯುತ್ತಾನೆ. ಅದೇ ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಅದರ ವಾಸನೆಯಿಲ್ಲದ ವಿಷಾನಿಲ ಮಲಗಿದವರನ್ನು ಏಳಗೊಡುವುದಿಲ್ಲ.

ಈ ನಾಲ್ಕು ಮಾತುಗಳನ್ನು ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವು ಪಟ್ಟಣದಲ್ಲೇ ಉಳಿದಿವೆ, ಬೆಳಕಿನಂತೆಯೇ. ನಗರ ತನ್ನ ಸುತ್ತ ದ್ವೀಪ ಕಟ್ಟಿಕೊಳ್ಳಲು ನೂರು ವರ್ಷಗಳ ವಿದ್ಯೆ, ಹಣ ಖರ್ಚಾಗಿದೆ. ದಡದಾಚೆಯವರಿಗೆ ಬೇಗ ಬೆಳಕು ಕೊಡುವುದು ಸರ್ಕಾರದ, ಕಂಪನಿಗಳ ಕೆಲಸ. ಭೂಗತ ಕೇಬಲ್ಲು, ಗಟ್ಟಿ ಕಂಬ, ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯುವುದು, ಇವನ್ನು ನಾವು ಕೇಳುತ್ತಲೇ ಇರಬೇಕು. ತಿಳಿವಳಿಕೆ ಕಳಿಸಲು ಮಾತ್ರ ಯಾವ ಕಂಬವೂ ಬೇಡ. ಅದು ಫೋನಿನಲ್ಲಿ ಹೋಗುತ್ತದೆ, ಚಾರ್ಜು ಮುಗಿಯುವ ಮುನ್ನ.

ಈಗ ಮುಂಗಾರಿನ ಮೊದಲ ಗಾಳಿ ಎದ್ದಾಗ ನಮ್ಮ ಮನೆಯಿಂದ ಊರಿಗೆ ಹೋಗುವ ಫೋನಿನಲ್ಲಿ ಮೊದಲ ಪ್ರಶ್ನೆ ಬದಲಾಗಿದೆ. ಕರೆಂಟು ಇದೆಯೇ ಎಂದು ಆಮೇಲೆ ಕೇಳುತ್ತೇವೆ. ಮೊದಲು ಕೇಳುವುದು, "ಚಿಕ್ಕಮ್ಮ, ಎಲ್ಲಾದರೂ ತಂತಿ ಬಿದ್ದುಂಟಾ? ದನ ಹಟ್ಟಿಯಲ್ಲಿ ಉಂಟಾ?"